ಅಂಗಳದ ಮರಕ್ಕೊಂದು ಸೀತಾಳೆ ದಂಡೆ



ಈ ಪುಟಗಳಲ್ಲಿ ಸಾಮಾನ್ಯವಾಗಿ ಕೊಳೆರೋಗ, ಮೈಲುತುತ್ತದ ದರ, ಕಾಫಿ ಗಿಡ ಸವರುವ ಕ್ರಮ, ಕಾಳುಮೆಣಸಿನ ಸೊರಗುರೋಗ ಇಂಥ ವಿಷಯಗಳೇ ಬರುತ್ತವೆ. ಬರಬೇಕಾದದ್ದೇ. ಆದರೆ ತೋಟಿಗರ ಮನೆಗೆ ತೋಟವೊಂದೇ ಅಲ್ಲ, ಅಂಗಳವೂ ಇದೆ. ಆ ಅಂಗಳದ ಯಜಮಾನಿಕೆ ಹೆಚ್ಚಾಗಿ ಹೆಂಗಸರದು. ಮಳೆಗಾಲ ಬಂತೆಂದರೆ ಡೇರೆ ಗಡ್ಡೆ, ಕರ್ಣಕುಂಡಲದ ಬೀಜ, ಗೊರಟೆಯ ಟೊಂಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡುತ್ತವೆ. ನಮ್ಮ ಅಂಗಳದ ಮಹಾರಾಣಿಯಂತೆ ಮೆರೆಯುವ ಈ ಡೇರೆಯ ಮೂಲ ದೂರದ ಮೆಕ್ಸಿಕೋ ದೇಶ ಎಂಬುದು ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಅದನ್ನು ಬೆಳೆಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮದೇ ಬೆಟ್ಟದಲ್ಲಿ ಹುಟ್ಟಿ, ನಮ್ಮದೇ ಮಳೆಯಲ್ಲಿ ಬೆಳೆದು, ಒಮ್ಮೆ ನೆಲೆನಿಂತರೆ ವರ್ಷವರ್ಷವೂ ಹೂ ಬಿಡುವ ಒಂದು ಗಿಡವನ್ನು ನಾವು ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಅದೇ ಸೀತಾಳೆ ದಂಡೆ. ಈ ಸಲ ಅದರ ಬಗ್ಗೆ ನಾಲ್ಕು ಮಾತು.

ಗುರುತು ಮತ್ತು ಹೆಸರು

ಸೀತಾಳೆ ದಂಡೆ, ಸೀತೆ ದಂಡೆ ಎಂದು ಎರಡು ರೀತಿಯಲ್ಲೂ ಕರೆಯುವುದುಂಟು. ದಂಡೆ ಎಂದರೆ ಮುಡಿಯುವ ಹೂಮಾಲೆ. ವನವಾಸದಲ್ಲಿ ಸೀತಾದೇವಿ ಮುಡಿದ ಹೂವಾದ್ದರಿಂದ ಈ ಹೆಸರು ಎಂದು ಹಿರಿಯರು ಹೇಳುತ್ತಾರೆ. ಕಟ್ಟುವ ಶ್ರಮವಿಲ್ಲದೆ ಗಿಡವೇ ಕಟ್ಟಿಕೊಟ್ಟ ದಂಡೆ ಇದು. ಒಂದು ಮೊಳದ ಆಸುಪಾಸಿನ ಗೊಂಚಲು ಕೆಳಕ್ಕೆ ಇಳಿಬಿದ್ದಿರುತ್ತದೆ. ಅದರ ತುಂಬ ನೂರಕ್ಕೂ ಮಿಕ್ಕಿ ಸಣ್ಣ ಹೂಗಳು ಒತ್ತೊತ್ತಾಗಿ ಜೋಡಿಸಿದಂತೆ ಇರುತ್ತವೆ. ಬಿಳಿ ಎಸಳಿನ ಮೇಲೆ ನಸುಗೆಂಪು-ನೇರಳೆ ಚುಕ್ಕಿ, ನಡುವೆ ಅದೇ ಬಣ್ಣದ ಗಾಢ ನಾಲಿಗೆ, ಹಿತವಾದ ಪರಿಮಳ. ಎಲೆ ದಪ್ಪ, ಉದ್ದ, ನಡುವೆ ದೋಣಿಯಂತೆ ಮಡಚಿದ್ದು, ತುದಿಯಲ್ಲಿ ಯಾರೋ ಕಚ್ಚಿ ತೆಗೆದಂತೆ ಓರೆಕೋರೆ. ಹೂವಿಲ್ಲದ ಕಾಲದಲ್ಲಿ ಈ ತುದಿಯನ್ನು ನೋಡಿ ಗುರುತಿಸಬಹುದು.

ಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಎನ್ನುತ್ತಾರೆ. ಆರ್ಕಿಡ್ ಕುಟುಂಬದ ಗಿಡ. ಇಂಗ್ಲಿಷಿನಲ್ಲಿ ಇದಕ್ಕೆ ನರಿಬಾಲದ ಆರ್ಕಿಡ್ ಎಂಬರ್ಥದ ಹೆಸರಿದೆ. ಲಿನೇಯಸನು 1753ರಲ್ಲಿಯೇ ಇದನ್ನು ತನ್ನ ಗ್ರಂಥದಲ್ಲಿ ಬೇರೊಂದು ಜಾತಿಯ ಹೆಸರಿನಲ್ಲಿ ಸೇರಿಸಿದ್ದ. ಈಗಿನ ಜಾತಿನಾಮ 1825ರಲ್ಲಿ ಬಂದದ್ದು. ಇದಕ್ಕೂ ಮುಂಚೆ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ಟುಸ್ ಮಲಬಾರಿಕುಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥದ ಕೊನೆಯ ಸಂಪುಟದಲ್ಲಿ, 1693ರಲ್ಲಿ, ಇದರ ಚಿತ್ರ ಅಚ್ಚಾಗಿದೆ. ಅಲ್ಲಿ ಕೊಟ್ಟ ಮಲಯಾಳಿ ಹೆಸರು ಅಂಜಿಲಿ ಮರವಾಳ. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. ಈ ಗಿಡಕ್ಕೆ ಯಾವ ಮರ ಪ್ರಿಯ ಎಂಬುದನ್ನು ಮುನ್ನೂರು ವರ್ಷಗಳ ಹಿಂದಿನ ಹೆಸರೇ ಹೇಳಿಬಿಟ್ಟಿದೆ.

ನಮ್ಮಲ್ಲಿ ಕಾಡುಹೂವೆಂದು ಅಲಕ್ಷ್ಯಕ್ಕೆ ಗುರಿಯಾದ ಇದು ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪ. ಅಸ್ಸಾಮಿನಲ್ಲಿ ಕಪೌ ಫೂಲ್ ಎನ್ನುತ್ತಾರೆ. ಅಲ್ಲಿಯ ಹೆಣ್ಣುಮಕ್ಕಳು ವಸಂತದ ಬಿಹು ಹಬ್ಬದಲ್ಲಿ ತುರುಬಿಗೆ ಇದನ್ನು ಸುತ್ತಿಕೊಂಡು ಕುಣಿಯುತ್ತಾರೆ. ಅಲ್ಲಿ ಏಪ್ರಿಲ್ ತಿಂಗಳಿಗೆ ಹೂವಾದರೆ, ನಮ್ಮ ಕಡೆ ಮೇ ತಿಂಗಳಿಂದ ಜೂನಿನವರೆಗೆ, ಅಂದರೆ ಮದುವೆ ಮುಂಜಿಗಳ ಕೊನೆಗಾಲ ಮತ್ತು ಮಳೆಯ ಆರಂಭಕ್ಕೆ.

ಬದನಿಕೆ ಅಲ್ಲ

ಈ ಗಿಡಕ್ಕೆ ಆಗುತ್ತಿರುವ ದೊಡ್ಡ ಅನ್ಯಾಯ ನಮ್ಮ ಅಜ್ಞಾನದಿಂದ. ಮಾವು, ಹಲಸುಗಳ ಮೇಲೆ ಏನೇ ಹಸಿರು ಕಂಡರೂ ಬದನಿಕೆ ಎಂದು ಕತ್ತಿ ಹಾಕುವ ರೂಢಿ ನಮ್ಮದು. ಬದನಿಕೆ ನಿಜವಾಗಿಯೂ ಪೀಡೆ. ಅದು ತನ್ನ ಬೇರನ್ನು ಮರದ ತೊಗಟೆಯೊಳಗೆ ಇಳಿಸಿ ರಸ ಹೀರುತ್ತದೆ, ಟೊಂಗೆಯನ್ನು ಒಣಗಿಸುತ್ತದೆ. ಅದನ್ನು ಟೊಂಗೆ ಸಹಿತ ಕಡಿಯಲೇಬೇಕು. ಸೀತಾಳೆ ದಂಡೆ ಹಾಗಲ್ಲ. ಅದರ ಬೇರು ತೊಗಟೆಯ ಮೇಲ್ಮೈಯನ್ನಷ್ಟೇ ತಬ್ಬಿಕೊಂಡಿರುತ್ತದೆ, ಒಳಕ್ಕೆ ಹೋಗುವುದಿಲ್ಲ. ಮಳೆಯ ನೀರು, ಗಾಳಿಯ ತೇವ, ತೊಗಟೆಯ ಬಿರುಕಿನಲ್ಲಿ ಕೂತ ಕಸಕಡ್ಡಿಯ ಸಾರ, ಇಷ್ಟೇ ಅದರ ಊಟ. ತನ್ನ ಅನ್ನವನ್ನು ತಾನೇ ಎಲೆಯಲ್ಲಿ ಬೇಯಿಸಿಕೊಳ್ಳುತ್ತದೆ.

ಇದನ್ನು ನಮಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ಸೋದರತ್ತೆ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಂಚಿಕೇರಿಯ ಒಳಗಿನ ನಮ್ಮ ಮನೆಯ ಅಂಗಳದಂಚಿಗೆ ಒಂದು ಹಳೆಯ ಹಲಸಿನ ಮರವಿತ್ತು. ಅದರ ಕವಲಿನಲ್ಲಿ ಏಳೆಂಟು ಬುಡ ಸೀತಾಳೆ ದಂಡೆ ಅವಳೇ ಕಟ್ಟಿ ಬೆಳೆಸಿದ್ದು. ಹೂ ಬಿಟ್ಟ ದಿನ ಏಣಿ ಇಡಿಸಿ, ಮೊದಲ ದಂಡೆಯನ್ನು ದೇವರಿಗೆ ಏರಿಸಿ, ಉಳಿದದ್ದನ್ನು ಮನೆಯ ಹೆಣ್ಣುಮಕ್ಕಳಿಗೂ ನೆರೆಮನೆಯವರಿಗೂ ಹಂಚುತ್ತಿದ್ದಳು. ತಾನು ಮಾತ್ರ ಒಂದು ಎಸಳನ್ನೂ ಮುಡಿಯಲಿಲ್ಲ. ಆಗಿನ ಪದ್ಧತಿ ಹಾಗಿತ್ತು. ಅದು ಸರಿಯೋ ಎಂದು ನಾವ್ಯಾರೂ ಕೇಳಲಿಲ್ಲ.

ಒಂದು ವರ್ಷ ಮರದ ಬದನಿಕೆ ತೆಗೆಸಲು ಆಳನ್ನು ಹತ್ತಿಸಿದ್ದೆವು. ಎಲ್ಲ ಕೆರೆದು ಹಾಕು ಎಂದು ಕೆಳಗೆ ನಿಂತು ಹೇಳಿದವರು ನಾವೇ. ಅತ್ತೆ ಒಳಗಿಂದ ಓಡಿ ಬರುವಷ್ಟರಲ್ಲಿ ಅರ್ಧ ನೆಲಕ್ಕೆ ಬಿದ್ದಿತ್ತು. ಅವಳು ಬೈಯಲಿಲ್ಲ. "ಅದು ಬದನಿಕೆ ಅಲ್ದೋ ತಮಾ, ಮರ ಹಿಡ್ಕಂಡು ಕುಂತಗಂಜು ಅಷ್ಟೆಯ. ಮರಕ್ಕೆ ಎಂತೂ ಮಾಡ್ತಿಲ್ಲೆ" ಎಂದಳು. ಬಿದ್ದದ್ದನ್ನು ಒಂದೊಂದಾಗಿ ಆರಿಸಿ, ಬಾಳೆಪಟ್ಟೆ ಸೀಳಿ, ಮರದ ಬುಡಕ್ಕೆ ಕೈಗೆಟುಕುವಲ್ಲಿ ಮತ್ತೆ ಕಟ್ಟಿದಳು. ಅದರಲ್ಲಿ ಮೂರು ಬುಡ ಬದುಕಿದವು. ಮತ್ತೆ ಹೂ ಕಾಣಲು ಎರಡು ಬೇಸಿಗೆ ಕಾಯಬೇಕಾಯಿತು.

ಕಾಡಿನಿಂದ ಕಿತ್ತು ತರಬೇಡಿ

ಇಷ್ಟು ಓದಿದ ಮೇಲೆ ಕೆಲವರು ನಾಳೆಯೇ ಕತ್ತಿ ಹಿಡಿದು ಬೆಟ್ಟಕ್ಕೆ ಹೊರಟಾರು. ದಯವಿಟ್ಟು ಹಾಗೆ ಮಾಡಬೇಡಿ. ಜೀವಂತ ಮರದ ಮೇಲೆ ನೆಲೆನಿಂತ ಗಿಡವನ್ನು ಕಿತ್ತರೆ ಬೇರು ತೊಗಟೆಯಲ್ಲೇ ಉಳಿದು ಗಿಡ ಬರಿಗೈಲಿ ಬರುತ್ತದೆ. ನಾವೂ ಅತ್ತೆಗೆ ಹೇಳದೆ ಒಮ್ಮೆ ಮೂರು ಬುಡ ಕಿತ್ತು ತಂದು, ಸೆಗಣಿ ಮಣ್ಣು ಮೆತ್ತಿ, ನೈಲಾನ್ ಹುರಿಯಿಂದ ಬಿಗಿದು ಕಟ್ಟಿದ್ದೆವು. ಆ ಮಳೆಗಾಲದಲ್ಲಿಯೇ ಮೂರೂ ಕೊಳೆತು ಹೋದವು.

ಇದರ ವಂಶ ಬೆಳೆಯುವ ರೀತಿಯನ್ನು ತಿಳಿದರೆ ಕಿತ್ತು ತರುವ ನಷ್ಟ ಎಷ್ಟೆಂದು ಅರ್ಥವಾದೀತು. ಒಂದೊಂದು ಕಾಯಿಯಲ್ಲಿ ಸಾವಿರಾರು ಬೀಜ. ಆದರೆ ಬೀಜವೆಂದರೆ ಧೂಳು. ಭತ್ತಕ್ಕಾಗಲಿ ಅಡಿಕೆಗಾಗಲಿ ಇರುವಂತೆ ಮೊಳಕೆಗೆ ಬೇಕಾದ ಬುತ್ತಿ ಅದರೊಳಗಿಲ್ಲ. ಗಾಳಿಯಲ್ಲಿ ಹಾರಿ ತಕ್ಕ ತೊಗಟೆಯ ಮೇಲೆ ಕೂತು, ಅಲ್ಲಿ ಒಂದು ಬಗೆಯ ಶಿಲೀಂಧ್ರದ ಸಹವಾಸ ಸಿಕ್ಕಿ, ಅದು ಉಣಿಸಿದರೆ ಮಾತ್ರ ಮೊಳೆಯುತ್ತದೆ. ಆರ್ಕಿಡ್ ಬೀಜದ ಈ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಬಯಲು ಮಾಡಿದ. 1922ರಲ್ಲಿ ಅಮೇರಿಕದ ಲೂಯಿಸ್ ಕ್ನುಡ್ಸನ್ ಸಕ್ಕರೆ ಬೆರೆಸಿದ ಪಾಕದ ಮೇಲೆ, ಶಿಲೀಂಧ್ರದ ಸಹಾಯವಿಲ್ಲದೆ, ಬಾಟಲಿಯಲ್ಲೇ ಬೀಜ ಮೊಳೆಯಿಸುವುದನ್ನು ತೋರಿಸಿದ. ಇಂದಿನ ಪ್ರಯೋಗಶಾಲೆಗಳಲ್ಲಿ ಬೆಳೆಸುವ ಆರ್ಕಿಡ್ ಸಸಿಗಳಿಗೆಲ್ಲ ಅದೇ ತಳಹದಿ. ಕಾಡಿನಲ್ಲಿ ಮಾತ್ರ ಸಾವಿರ ಬೀಜದಲ್ಲಿ ಒಂದಕ್ಕೂ ಭಾಗ್ಯವಿರುವುದಿಲ್ಲ. ಮೊಳೆತದ್ದೂ ಹೂವಿಗೆ ಬರಲು ವರ್ಷಗಟ್ಟಲೆ ಬೇಕು. ನಾವು ಒಂದು ನಿಮಿಷದಲ್ಲಿ ಕೀಳುವುದು ಅಷ್ಟು ವರ್ಷಗಳ ಗಳಿಕೆಯನ್ನು.

ಕಾನೂನಿನ ಮಾತೂ ಇದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಕಾಯ್ದಿಟ್ಟ ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ತರುವುದು ಅಪರಾಧ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಆ ಒಪ್ಪಂದದ ಪಟ್ಟಿಯಲ್ಲಿ ಆರ್ಕಿಡ್ ಕುಟುಂಬವೆಲ್ಲ ಸೇರಿದೆ.

ಹಾಗಾದರೆ ಗಿಡ ಎಲ್ಲಿಂದ ತರಬೇಕು? ದಾರಿ ಮೂರು. ಒಂದು, ಮಾಲ್ಕಿ ಜಾಗದಲ್ಲಿ ಗಾಳಿಗೆ ಬಿದ್ದ ಮರ ಟೊಂಗೆಗಳಿಂದ. ಆರಿದ್ರಾ, ಪುನರ್ವಸು ಮಳೆಯ ಗಾಳಿಗೆ ನಮ್ಮ ತೋಟದಂಚಿನಲ್ಲಿ ಟೊಂಗೆ ಬೀಳದ ವರ್ಷವಿಲ್ಲ. ನೆಲಕ್ಕೆ ಬಿದ್ದ ದಂಡೆ ಅಲ್ಲೇ ಬಿಟ್ಟರೆ ಕೊಳೆಯುತ್ತದೆ. ಎತ್ತಿ ಕಟ್ಟಿದರೆ ಬದುಕುತ್ತದೆ. ಎರಡು, ಮನೆ ಕಟ್ಟಲೋ ದಾರಿ ಮಾಡಲೋ ನೀವೇ ಕಡಿಸುವ ಮರದಿಂದ. ಮರ ಉರುಳುವ ಮೊದಲೇ ಆಳನ್ನು ಹತ್ತಿಸಿ, ತೊಗಟೆಯ ತೆಳು ಪದರ ಸಹಿತ ಬಿಡಿಸಿಕೊಳ್ಳಿ. ಮೂರು, ಬೆಳೆಸಿ ಮಾರುವ ನರ್ಸರಿಗಳಿಂದ ಅಥವಾ ಈಗಾಗಲೇ ಬೆಳೆಸಿದ ಸ್ನೇಹಿತರ ಮನೆಯಿಂದ. ಹಳೆಯ ಬುಡಗಳ ಬದಿಯಲ್ಲಿ ಒಮ್ಮೊಮ್ಮೆ ಮರಿ ಬರುತ್ತದೆ. ಮರಿಗೆ ತನ್ನದೇ ಬೇರು ಮೂರು ನಾಲ್ಕು ಬಂದ ಮೇಲೆ ಬೇರ್ಪಡಿಸಬಹುದು.

ಕಟ್ಟುವ ಕ್ರಮ

ಮೊದಲು ಮರದ ಆಯ್ಕೆ. ಒರಟು ತೊಗಟೆಯ, ತೊಗಟೆ ಉದುರದ ಮರ ಬೇಕು. ಹಲಸು, ಹೆಬ್ಬಲಸು, ಮಾವು, ಮತ್ತಿ ಉತ್ತಮ. ನಂದಿ, ಪೇರಲೆ, ನೀಲಗಿರಿಗಳು ತೊಗಟೆ ಕಳಚುವುದರಿಂದ ಬೇಡ. ಮೆಣಸಿನ ಬಳ್ಳಿ ಹಬ್ಬಿಸಿದ ಮರವೂ ಬೇಡ, ಎರಡಕ್ಕೂ ಇಕ್ಕಟ್ಟು. ಅಡಿಕೆ ಮರದ ಮೇಲೆ ಕಟ್ಟಬಹುದೇ ಎಂದು ಕೆಲವರು ಕೇಳುತ್ತಾರೆ. ಕೊನೆಗೌಡ ವರ್ಷಕ್ಕೆ ನಾಲ್ಕಾರು ಸಲ ಹತ್ತುವ ಮರದಲ್ಲಿ ಬೇರಿಗೆ ಉಳಿಗಾಲವಿಲ್ಲ. ಮೇಲಾಗಿ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಮರದುದ್ದಕ್ಕೂ ಇಳಿಯುತ್ತದೆ. ತುತ್ತ ಸುಣ್ಣದ ನೀರು ಬೀಳದ ಜಾಗವೇ ಇದಕ್ಕೆ ಕ್ಷೇಮ.

ಕಾಲ: ಹೂ ಮುಗಿದು ರೋಹಿಣಿ, ಮೃಗಶಿರಾ ಮಳೆ ಬೀಳುವ ಹೊತ್ತು. ಹೊಸ ಬೇರು ಹೊರಡುವುದು ಆಗಲೇ. ಗಾಳಿಗೆ ಬಿದ್ದದ್ದು ಸಿಕ್ಕರೆ ಯಾವ ತಿಂಗಳಾದರೂ ಕಾಯಬಾರದು.

ಕ್ರಮ: ಕೊಳೆತ, ಒಳಗೆ ಟೊಳ್ಳಾದ ಬೇರುಗಳನ್ನು ಹರಿತವಾದ ಶುದ್ಧ ಚಾಕುವಿನಿಂದ ಕತ್ತರಿಸಿ. ಗಾಯಕ್ಕೆ ಚಿಟಿಕೆ ಅರಿಶಿನ ಹಚ್ಚುವುದು ನಮ್ಮ ಮನೆಯ ರೂಢಿ. ಒಂದೆರಡು ದಿನ ನೆರಳಿನಲ್ಲಿ ತೂಗುಹಾಕಿ. ಆಮೇಲೆ ಮರದ ಪೂರ್ವ ದಿಕ್ಕಿಗೆ, ಆಳೆತ್ತರದಲ್ಲಿ, ಬೇರು ತೊಗಟೆಗೆ ತಾಗುವಂತೆ ಇಟ್ಟು ಬಾಳೆಪಟ್ಟೆ, ತೆಂಗಿನ ನಾರಿನ ಹಗ್ಗ ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿಯಿಂದ ಕಟ್ಟಿ. ಬೇರು ಹಿಡಿಯುವಷ್ಟರಲ್ಲಿ ಇವು ತಾವೇ ಜೀರ್ಣವಾಗುತ್ತವೆ. ತಂತಿ, ನೈಲಾನ್ ಬೇಡ. ಮಣ್ಣು, ಸೆಗಣಿ ಖಂಡಿತ ಬೇಡ. ಗಿಡ ನೆಟ್ಟಗೆ ಮೇಲ್ಮುಖವಾಗಿ ನಿಲ್ಲಬಾರದು, ಓರೆಯಾಗಿ ಹೊರಕ್ಕೆ ಬಾಗಿರಬೇಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ನಮ್ಮ ಮಳೆಯಲ್ಲಿ ನಾಲ್ಕೇ ದಿನಕ್ಕೆ ಸುಳಿ ಕೊಳೆಯುತ್ತದೆ. ಅಡಿಕೆಯಲ್ಲಿ ಸುಳಿ ಕೊಳೆತರೆ ಏನೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಇದಕ್ಕೂ ಒಂದೇ ಸುಳಿ.

ಮರವಿಲ್ಲದ ಮನೆಯವರು ಗೊರಟು ಗಂಟು ಕಟ್ಟಿಗೆಯ ತುಂಡಿಗೋ, ತೆಂಗಿನ ಸಿಪ್ಪೆಗೋ ಕಟ್ಟಿ ಜಗಲಿಯ ಮಾಡಿನಂಚಿಗೆ ತೂಗುಹಾಕಬಹುದು. ಆಗ ನೀರಿನ ಜವಾಬ್ದಾರಿ ಹೆಚ್ಚು.

ನೀರು, ಬೆಳಕು, ಕಾವಲು

ನೀರು ಯಾವಾಗ ಬೇಕೆಂದು ಬೇರೇ ಹೇಳುತ್ತದೆ. ಈ ಗಿಡದ ದಪ್ಪ ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆಯಿದೆ. ಒಣಗಿದಾಗ ಅದು ಬೆಳ್ಳಿಯಂತೆ ಬೆಳ್ಳಗೆ. ನೀರು ಕುಡಿದಾಗ ಹಸಿರು. ಬೆಳ್ಳಗೆ ಕಂಡಾಗ ಬೆಳಿಗ್ಗೆ ನೀರು ಚಿಮುಕಿಸಿ, ಹಸಿರಾದೊಡನೆ ನಿಲ್ಲಿಸಿ. ಮಳೆಗಾಲದಲ್ಲಿ ಕೈಹಾಕುವುದೇ ಬೇಡ. ಕಾರ್ತಿಕದ ನಂತರ ವಾರಕ್ಕೆರಡು ಮೂರು ಸಲ, ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೊಮ್ಮೆ. ಬೇರು ಚೆನ್ನಾಗಿ ಹಬ್ಬಿದ ಹಳೆಯ ಬುಡಕ್ಕೆ ಇದೂ ಬೇಡ. ಮಂಜು, ಇಬ್ಬನಿಯಲ್ಲೇ ಅದು ಬೇಸಿಗೆ ಕಳೆಯುತ್ತದೆ. ಬೇರಿನ ತುದಿ ಹಸಿರಾಗಿ ಹೊಳೆಯುತ್ತಿದ್ದರೆ ಗಿಡ ಬೆಳೆಯುತ್ತಿದೆ ಎಂದು ತಿಳಿಯಿರಿ.

ಎಲೆ ಕಪ್ಪುಹಸಿರಾಗಿ ಜೋತುಬಿದ್ದು ಹೂವೇ ಬಾರದಿದ್ದರೆ ನೆರಳು ಹೆಚ್ಚಾಯಿತು. ಹಳದಿಯಾಗಿ ಕೆಂಪು ತಿರುಗಿದರೆ ಬಿಸಿಲು ಹೆಚ್ಚಾಯಿತು. ಕಾಫಿಗೆ ಬೇಕಾದಂಥ ಜಾಳು ನೆರಳೇ ಇದಕ್ಕೂ ಹಿತ. ಗೊಬ್ಬರದ ಚಿಂತೆ ಬೇಡ. ಮರದಿಂದ ಇಳಿಯುವ ಮಳೆನೀರೇ ಅದರ ಗೊಬ್ಬರ.

ಶತ್ರುಗಳು ಎರಡು. ಮಳೆಗಾಲದ ರಾತ್ರಿ ಬಸವನಹುಳುಗಳು ಬಂದು ಎಳೆ ಬೇರಿನ ತುದಿಯನ್ನೂ ಮೊಗ್ಗನ್ನೂ ತಿನ್ನುತ್ತವೆ. ಬ್ಯಾಟರಿ ಹಿಡಿದು ಆರಿಸಿ ತೆಗೆಯುವುದೇ ಮದ್ದು. ಇನ್ನೊಂದು ಮಂಗ. ಅದಕ್ಕೆ ಮದ್ದು ಈ ಪತ್ರಿಕೆಯಲ್ಲಿ ಇನ್ನೂ ಬಂದಿಲ್ಲ.

ಕಟ್ಟಿದ ವರ್ಷವೇ ಹೂ ನಿರೀಕ್ಷಿಸಬೇಡಿ. ನಮ್ಮಲ್ಲಿ ಎರಡನೆಯ, ಮೂರನೆಯ ಬೇಸಿಗೆಗೆ ಬಂದದ್ದುಂಟು. ಬಂದ ಗೊಂಚಲು ಮರದಲ್ಲೇ ಬಿಟ್ಟರೆ ಎರಡು ಮೂರು ವಾರ ನಿಲ್ಲುತ್ತದೆ. ಎಲ್ಲ ಗೊಂಚಲನ್ನೂ ಕೊಯ್ಯದೆ ಒಂದನ್ನಾದರೂ ಕಾಯಿಗೆ ಬಿಡಿ.

ಬೆಟ್ಟದ ಮಾತು

ಅಂಗಳದಲ್ಲಿ ನಾಲ್ಕು ಬುಡ ಉಳಿಸಿದರೆ ಕೆಲಸ ಮುಗಿಯಲಿಲ್ಲ. ಉತ್ತರ ಕನ್ನಡದ ನಮಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಆ ಬೆಟ್ಟ ಸೊಪ್ಪಿಗೂ ದರಕಿಗೂ ಮಾತ್ರವಲ್ಲ, ಇಂಥ ಸಾವಿರ ಜೀವಗಳ ಮನೆಯೂ ಹೌದು. ಸೊಪ್ಪು ಕಡಿಸುವಾಗ ಮರದ ಕಾಂಡವನ್ನೂ ದೊಡ್ಡ ಕವಲುಗಳನ್ನೂ ಮುಟ್ಟದೆ ಬಿಡಿಸಿದರೆ ಸಾಕು, ದಂಡೆ ಅಲ್ಲೇ ಉಳಿಯುತ್ತದೆ. ಮರದ ತುದಿಯವರೆಗೆ ಬೋಳಿಸುವುದು ಮರಕ್ಕೂ ಒಳ್ಳೆಯದಲ್ಲ. ಕೆಲಸದವರಿಗೆ ಒಂದು ಸಲ ಗಿಡ ತೋರಿಸಿ ಹೇಳಿ. ಹೇಳದೆ ಕಡಿಸಿ ಆಮೇಲೆ ಅವರನ್ನು ದೂರುವುದು ನ್ಯಾಯವಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ನಮ್ಮ ಜಿಲ್ಲೆಯ ಜನ ಮರಗಳನ್ನು ಅಪ್ಪಿಕೊಂಡು ನಿಂತು ಕಡಿತ ತಡೆದರು. ಅಪ್ಪಿಕೋ ಚಳುವಳಿ ಎಂದು ದೇಶಕ್ಕೆಲ್ಲ ಅದು ಹೆಸರಾಯಿತು. ಒಂದು ದೊಡ್ಡ ಮರ ಉರುಳಿದರೆ ಅದರ ಮೈಮೇಲಿನ ಸಂಸಾರವೆಲ್ಲ ಉರುಳುತ್ತದೆ ಎಂಬುದನ್ನು ತಿಳಿದವರು ನಮ್ಮವರೇ. ಆ ತಿಳಿವಳಿಕೆ ನಮ್ಮ ಬೆಟ್ಟದಲ್ಲೂ ಅಂಗಳದಲ್ಲೂ ಕಾಣಬೇಕು.

ನಮ್ಮ ಅಂಗಳದ ಹಲಸಿನ ಮರ ಈಗ ಇಲ್ಲ. ಅತ್ತೆ ಹೋದ ಮರುವರ್ಷದ ಆಷಾಢದ ಗಾಳಿಗೆ ಬುಡಸಹಿತ ಬಿತ್ತು. ಬೆಳಗಾದ ಮೇಲೆ ಮನೆಯವರೆಲ್ಲ ಸೇರಿ, ಬಿದ್ದ ಟೊಂಗೆಗಳ ನಡುವೆ ಕೈಯಾಡಿಸಿ ಹುಡುಕಿ ಐದು ಬುಡ ಎತ್ತಿದೆವು. ಈ ಸಲ ಸೆಗಣಿ ಮೆತ್ತಲಿಲ್ಲ, ಅವಳು ಕಟ್ಟಿದಂತೆಯೇ ಕಟ್ಟಿದೆವು. ಎರಡು ಹೆಬ್ಬಲಸಿಗೆ, ಎರಡು ಮಾವಿಗೆ, ಒಂದನ್ನು ನೆರೆಮನೆಗೆ ಕೊಟ್ಟೆವು. ಐದೂ ಬದುಕಿವೆ.

ಈಗ ಹೂ ಬಿಟ್ಟಾಗ ಮೊದಲ ದಂಡೆ ದೇವರಿಗೆ ಹೋಗುವುದು ಮುಂಚಿನಂತೆಯೇ. ಉಳಿದದ್ದನ್ನು ಯಾರು ಮುಡಿಯಬಹುದು, ಯಾರು ಬಾರದು ಎಂಬ ಲೆಕ್ಕ ನಮ್ಮ ಮನೆಯಲ್ಲಿ ನಿಂತಿದೆ. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಕಳೆದ ಸಲ ಮಕ್ಕಳು ದಂಡೆ ಹಂಚುವಾಗ ಅತ್ತಿಗೆಯ ಕೈಯಲ್ಲೂ ಒಂದು ತುಂಡು ಇಟ್ಟರು. ಅವರು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತು, ಆಮೇಲೆ ಮುಡಿದುಕೊಂಡರು. ಯಾರೂ ಏನೂ ಅನ್ನಲಿಲ್ಲ. ಅತ್ತೆಯ ನೆನಪು ಎಲ್ಲರಿಗೂ ಬಂದಿತ್ತು.

ಮಳೆ ಹತ್ತಿರ ಬರುತ್ತಿದೆ. ಗಾಳಿಗೆ ಟೊಂಗೆ ಬಿದ್ದಾಗ ಕಟ್ಟಿಗೆಯ ಲೆಕ್ಕ ಹಾಕುವ ಮೊದಲು ಒಮ್ಮೆ ಬಗ್ಗಿ ನೋಡಿ. ದಪ್ಪ ಬೇರಿನ, ಕಚ್ಚಿದ ತುದಿಯ ಎಲೆ ಕಂಡರೆ ಎತ್ತಿ ಅಂಗಳದ ಮರಕ್ಕೆ ಕಟ್ಟಿ. ಬೆಳೆಸಿದ ಸದಸ್ಯ ಬಂಧುಗಳು, ಅದರಲ್ಲೂ ಮನೆಯ ತಾಯಂದಿರು, ತಮ್ಮ ಅನುಭವವನ್ನು ಸಂಘಕ್ಕೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.